ಐರಿಷರು ‘ಹುಟ್ಟು ಜಗಳಗಂಟರು’ ಎಂಬ ಮಾತಿನ ಹಿಂದೆ ನಿಜವಾಗಿ ಏನಿದೆ?

ಹಳೆಪುಟ:

ಕೆಲವು ವಾರಗಳಿಂದ ಹತ್ತೊಂಬತ್ತನೇ ಶತಮಾನದ ವ್ಯಂಗ್ಯಚಿತ್ರಗಳನ್ನು ನೋಡುತ್ತ ಕೂತಿದ್ದೇನೆ. ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಬಂದವಿರಲಿ, ನ್ಯೂಯಾರ್ಕಿನಲ್ಲಿ ಥಾಮಸ್ ನಾಸ್ಟ್ ಬಿಡಿಸಿದವಿರಲಿ, ಐರಿಷ್ ಮನುಷ್ಯನಿಗೆ ಅಲ್ಲಿ ಒಂದೇ ಮುಖ: ಕೋತಿಯ ದವಡೆ, ಒಂದು ಕೈಯಲ್ಲಿ ಹೆಂಡದ ಬಾಟಲಿ, ಇನ್ನೊಂದು ಕೈಯಲ್ಲಿ ದೊಣ್ಣೆ. ಈ ಜನಕ್ಕೆ ಹೊಡೆದಾಟ ರಕ್ತದಲ್ಲೇ ಬಂದಿದೆ ಎಂದು ಅಂದಿನ ಸಂಪಾದಕರೂ ಮಂತ್ರಿಗಳೂ ಮನಸಾರೆ ನಂಬಿದ್ದರು. ಇಂದು ಅದನ್ನು ಬರೀ ಜನಾಂಗದ್ವೇಷ ಎಂದು ತಳ್ಳಿಹಾಕುವುದು ಸುಲಭ, ತಳ್ಳಿಹಾಕಬೇಕಾದದ್ದೂ ಹೌದು. ಆದರೆ ಆ ದೊಣ್ಣೆಯನ್ನು ಚಿತ್ರಕಾರ ತನ್ನ ತಲೆಯಿಂದಲೇ ಹುಟ್ಟಿಸಿದನೇ? ಜಾತ್ರೆಗಳಲ್ಲಿ ಸಾವಿರಾರು ಜನ ಬಡಿದಾಡಿಕೊಂಡದ್ದು, ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡು ದನಗಳ ಕಾಲು ಕಡಿದದ್ದು ಸುಳ್ಳಲ್ಲವಲ್ಲ. ಹಿಂಸೆ ಇರಲೇ ಇಲ್ಲ ಎನ್ನುವವರೂ ಇದ್ದದ್ದೆಲ್ಲ ಸ್ವಾತಂತ್ರ್ಯ ಹೋರಾಟವೇ ಎನ್ನುವವರೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಓದಿಕೊಂಡವರು ದಯವಿಟ್ಟು ಬಿಡಿಸಿ ಹೇಳಬೇಕು.

ಕಡತಪ್ರಿಯ:

ದೊಣ್ಣೆಯಿಂದಲೇ ಶುರುಮಾಡೋಣ, ಏಕೆಂದರೆ ಅದು ನಿಜವಾದದ್ದು. ಓಕ್ ಮರದಿಂದಲೋ ಕರಿಮುಳ್ಳಿನ ಗಿಡದಿಂದಲೋ ಕಡಿದು, ಹದಮಾಡಿ, ಕೆಲವೊಮ್ಮೆ ಗಂಟಿನ ತುದಿಗೆ ಸೀಸ ಸುರಿದು ಮಾಡುತ್ತಿದ್ದ ಬಡಿಗೆಗೆ ‘ಶಿಲೇಲಿ’ ಎಂದು ಹೆಸರು. 1800ರಿಂದ 1840ರವರೆಗೆ ಸಂತೆ, ಜಾತ್ರೆ, ಕುದುರೆ ಪಂದ್ಯ ಎಲ್ಲಿ ನಡೆದರೂ ಎರಡು ಬಣಗಳು ಎದುರಾಗುತ್ತಿದ್ದವು. ಒಬ್ಬ ಕೋಟು ಬಿಚ್ಚಿ ನೆಲದ ಮೇಲೆ ಎಳೆಯುತ್ತ, ಗಂಡಸಾದವನು ಇದನ್ನು ತುಳಿಯಲಿ ಎಂದು ಸವಾಲು ಹಾಕಿದರೆ ಆಯಿತು, ಬಡಿದಾಟ ಶುರು. ಹೆಂಗಸರು ಕಾಲುಚೀಲದಲ್ಲಿ ಕಲ್ಲು ತುಂಬಿಕೊಂಡು ಬರುತ್ತಿದ್ದರು. ಡಬ್ಲಿನ್ನಿನ ಪಕ್ಕದ ಡಾನಿಬ್ರೂಕ್‌ನಲ್ಲಿ 1204ರ ಸನದಿನಿಂದ ನಡೆದುಬಂದಿದ್ದ ಜಾತ್ರೆಯನ್ನು ಈ ಗಲಭೆಗಳ ಕಾರಣಕ್ಕೇ 1855ರಲ್ಲಿ ನಿಲ್ಲಿಸಬೇಕಾಯಿತು, ಮತ್ತು ಆ ಊರಿನ ಹೆಸರು ಇಂಗ್ಲಿಷಿನಲ್ಲಿ ದೊಂಬಿಗೇ ಪರ್ಯಾಯವಾಗಿ ಉಳಿದುಕೊಂಡಿತು.

ಇದು ಆಟವೋ ಯುದ್ಧವೋ ಎಂಬುದು ಇಂದಿಗೂ ಇತಿಹಾಸಕಾರರ ನಡುವೆ ತೀರದ ಚರ್ಚೆ. ಕೆರಿ ಕೌಂಟಿಯ ಬ್ಯಾಲಿಯಾಗ್ ಕಡಲತೀರದಲ್ಲಿ 1834ರ ಜೂನ್ 24ರಂದು ನಡೆದದ್ದನ್ನು ಓದಿದರೆ ಆಟ ಎಂಬ ಮಾತು ನಾಲಿಗೆಗೆ ಬರುವುದಿಲ್ಲ. ಸಂತ ಯೋಹಾನನ ಹಬ್ಬದ ಕುದುರೆ ಪಂದ್ಯದ ದಿನ ಕೂಲೀನ್ ಬಣದವರು ನದಿ ದಾಟಿ ಬಂದು ಎದುರಾಳಿಗಳ ಮೇಲೆ ಬಿದ್ದರು. ಸೋತು ದೋಣಿಗಳ ಕಡೆ ಓಡಿದಾಗ ದೋಣಿಗಳು ಮಗುಚಿದವು, ನೀರಿನಲ್ಲಿ ಕೈ ಬಡಿಯುತ್ತಿದ್ದವರ ಮೇಲೆ ದಡದಲ್ಲಿದ್ದವರು ಕಲ್ಲು ತೂರಿದರು. ಸುಮಾರು 20 ಮಂದಿ ಸತ್ತರು. ಸತ್ತವರೂ ಕಲ್ಲು ತೂರಿದವರೂ ಒಂದೇ ಸೀಮೆಯವರು, ಒಂದೇ ಭಾಷೆಯವರು, ಒಂದೇ ಧರ್ಮದವರು. ಇದನ್ನು ಯಾವ ಹೋರಾಟದ ಲೆಕ್ಕಕ್ಕೂ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಮಲೆನಾಡಿಗ:

ಬ್ಯಾಲಿಯಾಗ್ ಅಪವಾದ, ವಾಡಿಕೆಯಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಚಿತ್ರ ಓರೆಯಾಗುತ್ತದೆ. ನೂರಾರು ಬಡಿದಾಟಗಳಲ್ಲಿ ತಲೆ ಒಡೆಯುತ್ತಿತ್ತು, ರಕ್ತ ಸುರಿಯುತ್ತಿತ್ತು, ಮರುದಿನ ಅದೇ ಜನ ಒಟ್ಟಿಗೆ ಕೊಯ್ಲಿಗೆ ಹೋಗುತ್ತಿದ್ದರು. ಶವತನಿಖೆಯ ಮತ್ತು ಪೊಲೀಸರ ಕಡತಗಳನ್ನು ಕೂತು ಎಣಿಸಿದವರು, 1845ರ ಮಹಾ ಬರಗಾಲದ ಆಸುಪಾಸಿನ ಐರ್ಲೆಂಡಿನಲ್ಲಿ ಕೊಲೆಯ ಪ್ರಮಾಣ ಆ ದೇಶದ ಕುಖ್ಯಾತಿಗೆ ತಕ್ಕಷ್ಟು ದೊಡ್ಡದಾಗಿರಲಿಲ್ಲ ಎಂದೇ ಹೇಳಿದ್ದಾರೆ. ಇನ್ನು, 1838ರಲ್ಲಿ ಕಾರ್ಕ್ ನಗರದಲ್ಲಿ ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಪಾನನಿಷೇಧದ ಪ್ರತಿಜ್ಞೆ ಮಾಡಿಸತೊಡಗಿದಾಗ ಲಕ್ಷಗಟ್ಟಲೆ ಜನ ಕುಡಿತ ಬಿಟ್ಟರು, ಬಣಗಳ ಕಾಳಗವೂ ಆ ಕಾಲದಲ್ಲೇ ಇಳಿಮುಖವಾಯಿತು. ರಕ್ತದಲ್ಲಿ ಬಂದದ್ದಾಗಿದ್ದರೆ ಅಷ್ಟು ಬೇಗ ಬಿಟ್ಟುಹೋಗುತ್ತಿರಲಿಲ್ಲ.

ನೇತ್ರಾವತಿ:

ಬಣಗಳ ಬಡಿದಾಟದ ಒಳಗೂ ಹೊಲದ ಮಣ್ಣು ಮೆತ್ತಿಕೊಂಡಿತ್ತು ಎಂಬುದನ್ನು ಇಬ್ಬರೂ ಬಿಟ್ಟಿರಿ. ಮನ್‌ಸ್ಟರ್ ಪ್ರಾಂತದಲ್ಲಿ 1806ರ ನಂತರ ಕಾದಾಡಿದ ‘ಕರವಾಟ್’ ಮತ್ತು ‘ಶಾನವೆಸ್ಟ್’ ಬಣಗಳನ್ನು ನೋಡಿ. ಹೆಸರು ಕೇಳಿದರೆ ಮಕ್ಕಳಾಟದಂತಿದೆ: ಒಂದು ಕೊರಳವಸ್ತ್ರದವರು, ಇನ್ನೊಂದು ಹಳೇ ಒಳಗೋಟಿನವರು. ಆದರೆ ಮೊದಲಿನವರಲ್ಲಿ ಹೆಚ್ಚಿನವರು ಕೂಲಿಗಳು, ತುಂಡು ಭೂಮಿಯವರು, ಎರಡನೆಯವರು ಸ್ವಲ್ಪ ಉಳ್ಳ ರೈತರು. ಕೂಲಿ ಎಷ್ಟು, ಆಲೂಗೆಡ್ಡೆ ಬೆಳೆಯಲು ಕೊಟ್ಟ ತುಂಡಿಗೆ ಬಾಡಿಗೆ ಎಷ್ಟು ಎಂಬ ಜಗಳವೇ ಸಂತೆಯಲ್ಲಿ ದೊಣ್ಣೆಯ ರೂಪ ತಾಳುತ್ತಿತ್ತು.

ಅದಕ್ಕೂ ಹಿಂದಿನದು ‘ವೈಟ್‌ಬಾಯ್’ಗಳ ಕಥೆ. 1761ರಲ್ಲಿ ಟಿಪ್ಪರೇರಿಯಲ್ಲಿ ಜಮೀನ್ದಾರರು ಗೋಮಾಳಕ್ಕೆ ಬೇಲಿ ಹಾಕಿಸಿ ದನ ಮೇಯಿಸುವ ವ್ಯಾಪಾರಕ್ಕೆ ಇಳಿದಾಗ, ಬಟ್ಟೆಯ ಮೇಲೆ ಬಿಳಿ ಅಂಗಿ ತೊಟ್ಟ ಜನ ರಾತ್ರಿ ಬಂದು ಬೇಲಿ ಕಿತ್ತರು, ಅಗಳು ಮುಚ್ಚಿದರು. ಕ್ಯಾಥೊಲಿಕರಾದ ಅವರು ತಾವು ಕಾಲಿಡದ ಪ್ರಾಟೆಸ್ಟೆಂಟ್ ಚರ್ಚಿಗೆ ಬೆಳೆಯ ದಶಾಂಶವನ್ನು ಕಟ್ಟಬೇಕಿತ್ತು, ಆ ವಸೂಲಿದಾರರ ಮೇಲೂ ಬಿದ್ದರು. ಆಮೇಲೆ ಒಂದಾದ ಮೇಲೊಂದು ಗುಪ್ತ ಸಂಘಗಳು ಹುಟ್ಟಿದವು. 1821ರಿಂದ ಮೂರು ವರ್ಷ ‘ಕ್ಯಾಪ್ಟನ್ ರಾಕ್’ ಎಂಬ ಇಲ್ಲದ ನಾಯಕನ ರುಜು ಇದ್ದ ಬೆದರಿಕೆ ಪತ್ರಗಳು ಬಾಗಿಲುಗಳಿಗೆ ಅಂಟಿದವು, ಕೆಲವದರ ಕೆಳಗೆ ಶವಪೆಟ್ಟಿಗೆಯ ಚಿತ್ರ. ಒಕ್ಕಲೆಬ್ಬಿಸಿದ ಹೊಲವನ್ನು ಯಾರು ಗೇಣಿಗೆ ಹಿಡಿಯುತ್ತಾನೋ ಅವನ ಮನೆಗೆ ಬೆಂಕಿ, ಅವನ ದನಗಳಿಗೆ ಕತ್ತಿ. ಗಮನಿಸಿ, ಹೊಡೆತ ಬಹುಪಾಲು ಬಿದ್ದದ್ದು ಜಮೀನ್ದಾರನಿಗಲ್ಲ, ಪಕ್ಕದ ಮನೆಯ ಇನ್ನೊಬ್ಬ ಬಡ ಗೇಣಿದಾರನಿಗೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಸರಕಾರದ ಕಡೆಯ ಹಿಂಸೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. 1831ರ ಡಿಸೆಂಬರಿನಲ್ಲಿ ಕಿಲ್ಕೆನ್ನಿಯ ಕ್ಯಾರಿಕ್‌ಶಾಕ್‌ನಲ್ಲಿ ದಶಾಂಶದ ನೋಟಿಸು ಕೊಡಲು ಹೊರಟ ಪೊಲೀಸರ ತುಕಡಿಯನ್ನು ಜನ ಇಕ್ಕಟ್ಟಿನ ದಾರಿಯಲ್ಲಿ ಅಡ್ಡಗಟ್ಟಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಮೂರು ವರ್ಷದ ಮೇಲೆ ಕಾರ್ಕ್ ಕೌಂಟಿಯ ರಾತ್‌ಕಾರ್ಮಕ್ ಬಳಿ ಒಬ್ಬ ವಿಧವೆಯ 40 ಶಿಲ್ಲಿಂಗ್ ಬಾಕಿ ವಸೂಲಿಗೆ ಸೈನ್ಯವೇ ಹೋಯಿತು. ಆಕೆಯ ಬಣವೆಯ ಅಂಗಳದಲ್ಲಿ ಗುಂಡು ಹಾರಿಸಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಮೊದಲನೆಯದು ಅಪರಾಧ, ಎರಡನೆಯದು ಕಾನೂನು ಪಾಲನೆ ಎಂದು ಕಡತದಲ್ಲಿ ನಮೂದಾಯಿತು.

ಹಳೆಪುಟ:

ನೇತ್ರಾವತಿಯವರ ಕೊನೆಯ ವಾಕ್ಯ ನನ್ನ ಪ್ರಶ್ನೆಯನ್ನೇ ಬದಲಿಸಿತು. ಐರಿಷರು ಎಷ್ಟು ಹಿಂಸೆ ಮಾಡಿದರು ಎನ್ನುವುದಕ್ಕಿಂತ, ಯಾವ ಹಿಂಸೆಯನ್ನು ಯಾರು ಅಪರಾಧವೆಂದು ಬರೆದಿಟ್ಟರು ಎಂದು ಕೇಳಬೇಕೇನೋ. 1845ರ ನಂತರದ ಮಹಾ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಆಗ ಏನಾಯಿತು?

ಕಡತಪ್ರಿಯ:

ಕೊಲೆಗಿಂತ ಕಳ್ಳತನ ಹೆಚ್ಚಿತು. ಟರ್ನಿಪ್ ಗೆಡ್ಡೆ, ಕುರಿ, ಹಿಟ್ಟಿನ ಮೂಟೆ. ಸೆರೆಮನೆಯಲ್ಲಾದರೂ ಊಟ ಸಿಗುತ್ತದೆಂದು ಬೇಕೆಂದೇ ಸಿಕ್ಕಿಬಿದ್ದವರಿದ್ದರು. ಆಸ್ಟ್ರೇಲಿಯಕ್ಕೆ ಕರಿನೀರಿನ ಶಿಕ್ಷೆಯಾಗಲೆಂದು ಬಣವೆಗೆ ಬೆಂಕಿಯಿಟ್ಟ ಹೆಂಗಸರಿದ್ದರು. 1791ರಿಂದ 1868ರವರೆಗೆ ಐರ್ಲೆಂಡಿನಿಂದ ನೇರವಾಗಿ ಅಲ್ಲಿಗೆ ಸಾಗಿಸಿದ ಕೈದಿಗಳು ಸುಮಾರು 40,000.

ಸರಕಾರವನ್ನು ನಡುಗಿಸಿದ್ದು ಮಾತ್ರ ಒಂದು ಕೊಲೆ. ರೊಸ್ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್‌ನ ಜಮೀನ್ದಾರ ಮೇಜರ್ ಡೆನಿಸ್ ಮಹಾನ್ 1847ರಲ್ಲಿ ಸುಮಾರು ಸಾವಿರ ಒಕ್ಕಲುಗಳನ್ನು ಕೆನಡಾದ ಹಡಗುಗಳಿಗೆ ಹತ್ತಿಸಿದ. ದಾರಿಯಲ್ಲೇ ಜ್ವರದಿಂದ ಬಹಳ ಮಂದಿ ಸತ್ತರು. ಅದೇ ವರ್ಷ ನವೆಂಬರ್ 2ರ ಸಂಜೆ ಗಾಡಿಯಲ್ಲಿ ಮನೆಗೆ ಬರುತ್ತಿದ್ದ ಮಹಾನನನ್ನು ಗುಂಡಿಟ್ಟು ಕೊಂದರು. ಮರುತಿಂಗಳೇ ಪಾರ್ಲಿಮೆಂಟು ಅಪರಾಧ ನಿಗ್ರಹದ ವಿಶೇಷ ಕಾಯಿದೆಯನ್ನು ಹೊರಡಿಸಿತು. ಹಡಗುಗಳಲ್ಲಿ ಸತ್ತವರಿಗಾಗಿ ಯಾವ ಕಾಯಿದೆಯೂ ಬರಲಿಲ್ಲ.

ನಿವೃತ್ತ ವಕೀಲ:

ನಾನು ಇತಿಹಾಸಕಾರನಲ್ಲ, ಮೂವತ್ತು ವರ್ಷ ಜಿಲ್ಲಾ ನ್ಯಾಯಾಲಯದಲ್ಲಿ ನಿಂತವನು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಕಾಡಂಚಿನ ಊರಿನ ಒಬ್ಬ ಮುದುಕ ಆರೋಪಿಯಾಗಿ ಕಟಕಟೆಯಲ್ಲಿ ನಿಂತಿದ್ದ. ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಯಾರು ಮಾತಾಡುತ್ತಾರೋ ಅವರ ಬಾಯಿಯನ್ನೇ ಅವನು ನೋಡುತ್ತಿದ್ದ, ಅಷ್ಟೆ. ಆ ನೋಟ ಇಂದಿಗೂ ನನ್ನನ್ನು ಬಿಟ್ಟಿಲ್ಲ, ಆದ್ದರಿಂದ ಮಾಮ್‌ಟ್ರಾಸ್ನಾ ಪ್ರಕರಣವನ್ನು ನಾನು ಪುಸ್ತಕದಂತೆ ಓದಲಾರೆ.

ಗಾಲ್ವೇ ಮತ್ತು ಮೇಯೋ ಗಡಿಯ ಬೆಟ್ಟದೂರು ಅದು. 1882ರ ಆಗಸ್ಟ್ 17ರ ರಾತ್ರಿ ಜಾನ್ ಜಾಯ್ಸ್ ಎಂಬ ಬಡ ರೈತನ ಗುಡಿಸಲಿಗೆ ನುಗ್ಗಿದವರು ಅವನನ್ನು, ಹೆಂಡತಿಯನ್ನು, ಮುದಿತಾಯಿಯನ್ನು, ಮಗಳನ್ನು, ಒಬ್ಬ ಮಗನನ್ನು ಕೊಂದರು. ಪ್ಯಾಟ್ಸಿ ಎಂಬ ಚಿಕ್ಕ ಹುಡುಗನೊಬ್ಬ ಗಾಯಗೊಂಡು ಉಳಿದ. ಹತ್ತು ಮಂದಿಯನ್ನು ಬಂಧಿಸಿದರು. ಇಬ್ಬರು ಮಾಫಿ ಸಾಕ್ಷಿಗಳಾದರು. ವಿಚಾರಣೆಯನ್ನು ಊರಿನಿಂದ ದೂರ ಡಬ್ಲಿನ್ನಿಗೆ ಒಯ್ದರು. ಐರಿಷ್ ಭಾಷೆಯೊಂದನ್ನೇ ಬಲ್ಲ ಮೈಲ್ಸ್ ಜಾಯ್ಸ್ ಎಂಬಾತ ತನ್ನ ಪ್ರಾಣದ ಪ್ರಶ್ನೆ ಇಂಗ್ಲಿಷಿನಲ್ಲಿ ತೀರ್ಮಾನವಾಗುತ್ತಿದ್ದಾಗ ತಲೆ ತಗ್ಗಿಸಿ ಕೂತಿದ್ದ. ಜ್ಯೂರಿ ಅವನ ಬಗ್ಗೆ ನಿರ್ಧರಿಸಲು ತೆಗೆದುಕೊಂಡದ್ದು 6 ನಿಮಿಷ. ಏನಾದರೂ ಹೇಳುವುದಿದೆಯೇ ಎಂದು ಕೊನೆಗೆ ದುಭಾಷಿಯ ಮೂಲಕ ಕೇಳಿದಾಗ, ತನಗೆ ಈ ಕೊಲೆಯ ವಿಷಯ ಏನೂ ಗೊತ್ತಿಲ್ಲವೆಂದು ತನ್ನ ಭಾಷೆಯಲ್ಲೇ ಹೇಳಿದ. ಗಲ್ಲಿಗೆ ಹೋಗಲಿದ್ದ ಇನ್ನಿಬ್ಬರು, ನಾವು ತಪ್ಪಿತಸ್ಥರು, ಮೈಲ್ಸ್ ಅಲ್ಲ ಎಂದು ಹೇಳಿಕೆ ಕೊಟ್ಟರೂ ಡಿಸೆಂಬರ್ 15ರಂದು ಮೂವರನ್ನೂ ಗಾಲ್ವೇ ಜೈಲಿನಲ್ಲಿ ನೇಣಿಗೇರಿಸಿದರು. ಕುಣಿಕೆ ಬಿಗಿಯುವವರೆಗೂ ಆತ ಮಾತಾಡುತ್ತಲೇ ಇದ್ದ. ವಿಲಿಯಂ ಮಾರ್ವುಡ್ ಎಂಬ ಇಂಗ್ಲಿಷ್ ಗಲ್ಲುಗಾರನಿಗೆ ಒಂದು ಪದವೂ ತಿಳಿಯಲಿಲ್ಲ.

ಕಡತಪ್ರಿಯ:

ವಕೀಲರ ಮಾತಿಗೆ ತಲೆಬಾಗುತ್ತೇನೆ, ಆದರೂ ಒಂದನ್ನು ಸೇರಿಸಬೇಕು. ಅದು ಭೂಹೋರಾಟ ಉರಿಯುತ್ತಿದ್ದ ಕಾಲ. ಮೈಕೆಲ್ ಡೇವಿಟ್ ಮತ್ತು ಜೊತೆಗಾರರು 1879ರಲ್ಲಿ ಗೇಣಿದಾರರ ಹಕ್ಕಿಗಾಗಿ ಲ್ಯಾಂಡ್ ಲೀಗ್ ಎಂಬ ಸಂಘಟನೆ ಕಟ್ಟಿದ್ದರು. ಮರುವರ್ಷ ಮೇಯೋದಲ್ಲಿ ಜಮೀನ್ದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟ್‌ನ ಹೊಲ ಕೊಯ್ಯಲು, ಅವನ ಬಟ್ಟೆ ಒಗೆಯಲು, ಅವನಿಗೆ ಸಾಮಾನು ಮಾರಲು ಯಾರೂ ಒಪ್ಪದೆ ಜನ ಅವನನ್ನು ಬಹಿಷ್ಕರಿಸಿದ್ದರು. ನಾವು ದಿನವೂ ಬಳಸುವ ‘ಬಾಯ್ಕಾಟ್’ ಪದ ಅವನ ಹೆಸರೇ. ದೊಣ್ಣೆಯಿಂದಾಗದ್ದನ್ನು ಮೌನದಿಂದ ಮಾಡಿದ ಜನ ಅವರು. ಹಾಗೆಂದು ಮಾಮ್‌ಟ್ರಾಸ್ನಾದ ಐದು ಹೆಣಗಳನ್ನು ಹೋರಾಟದ ಖಾತೆಗೆ ಬರೆಯಬಾರದು. ಸತ್ತವರು ಜಮೀನ್ದಾರರಲ್ಲ, ಕೊಂದವರು ನೆರೆಹೊರೆಯವರು. ಬ್ರಿಟಿಷ್ ನ್ಯಾಯದ ಅನ್ಯಾಯವನ್ನು ಹೇಳುವ ಭರದಲ್ಲಿ ಆ ಗುಡಿಸಲಿನ ಹೆಂಗಸರನ್ನೂ ಮಕ್ಕಳನ್ನೂ ಮರೆಯುವುದನ್ನು ನಾನು ಅನೇಕ ಬರಹಗಳಲ್ಲಿ ನೋಡಿದ್ದೇನೆ.

ಮಲೆನಾಡಿಗ:

ದೇಶ ಬಿಟ್ಟವರ ಬಗ್ಗೆಯೂ ಹೀಗೆಯೇ ನಿಷ್ಠುರವಾಗಿ ಮಾತಾಡಬೇಕು. 1834ರಲ್ಲಿ ಬಾಸ್ಟನ್ನಿನ ಪಕ್ಕದ ಚಾರ್ಲ್ಸ್‌ಟೌನ್‌ನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಮಠವನ್ನು ಸುಟ್ಟರು, ಹತ್ತು ವರ್ಷದ ಮೇಲೆ ಫಿಲಡೆಲ್ಫಿಯದಲ್ಲಿ ಐರಿಷರ ಮನೆಗಳನ್ನೂ ಚರ್ಚುಗಳನ್ನೂ ಸುಟ್ಟರು. ಆದರೆ 1863ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಎದ್ದ ಗುಂಪುಗಳಲ್ಲಿ ಐರಿಷ್ ಕೂಲಿಗಳೇ ಬಹಳವಿದ್ದರು. 300 ಡಾಲರ್ ಕೊಟ್ಟ ಸಿರಿವಂತ ಭರ್ತಿಯಿಂದ ಪಾರಾಗಬಹುದಿತ್ತು, ಸಿಟ್ಟಿಗೆ ಕಾರಣವಿತ್ತು. ಆ ಸಿಟ್ಟು ಹೋಗಿ ಬಿದ್ದದ್ದು ಕರಿಯರ ಮೇಲೆ. ಕರಿಯ ಅನಾಥ ಮಕ್ಕಳ ಆಶ್ರಮವನ್ನೇ ಸುಟ್ಟುಹಾಕಿದರು. ನಾಲ್ಕು ದಿನಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಒದೆ ತಿಂದವನು ತನಗಿಂತ ಕೆಳಗಿರುವವನನ್ನು ಹುಡುಕಿ ಒದೆಯುವ ಈ ಬಗೆಯನ್ನು ಬರಿಯ ಬಡತನದ ಹೆಸರಿನಲ್ಲಿ ಮನ್ನಿಸಲಾಗದು.

ಆಸ್ಟ್ರೇಲಿಯದ ನೆಡ್ ಕೆಲ್ಲಿಯ ಕಥೆ ಬೇರೆ ರೀತಿ. ತಂದೆ ಎರಡು ಹಂದಿ ಕದ್ದದ್ದಕ್ಕೆ ಟಿಪ್ಪರೇರಿಯಿಂದ ಗಡಿಪಾರಾದವನು. ಮಗ 1878ರಲ್ಲಿ ಸ್ಟ್ರಿಂಗಿಬಾರ್ಕ್ ಹಳ್ಳದ ಬಳಿ ಮೂವರು ಪೊಲೀಸರನ್ನು ಕೊಂದ ತಂಡದ ನಾಯಕ, 1880ರಲ್ಲಿ ಮೆಲ್ಬರ್ನ್‌ನಲ್ಲಿ ಗಲ್ಲಿಗೇರಿದ. ಜನಪದದಲ್ಲಿ ಅವನು ಆಂಗ್ಲರ ವಿರುದ್ಧ ನಿಂತ ಐರಿಷ್ ವೀರ. ಆದರೆ ಸತ್ತ ಕೆನಡಿ, ಲೋನಿಗನ್, ಸ್ಕ್ಯಾನ್ಲನ್ ಮೂವರೂ ಐರ್ಲೆಂಡಿನಲ್ಲೇ ಹುಟ್ಟಿದವರು.

ನೇತ್ರಾವತಿ:

ಪೊಲೀಸರ ಮಾತು ಬಂದದ್ದರಿಂದ ನಮ್ಮ ದೇಶಕ್ಕೆ ತಾಗುವ ಒಂದು ಎಳೆಯನ್ನು ಹೇಳಿಬಿಡುತ್ತೇನೆ. ಐರ್ಲೆಂಡಿನ ಹಳ್ಳಿಗಳನ್ನು ಹದ್ದುಬಸ್ತಿನಲ್ಲಿಡಲು ರಾಬರ್ಟ್ ಪೀಲ್ 1814ರಲ್ಲಿ ಶುರುಮಾಡಿ, 1836ರಲ್ಲಿ ಒಂದೇ ಆಡಳಿತಕ್ಕೆ ಬಂದ ಪೊಲೀಸ್ ಪಡೆ ಲಂಡನ್ನಿನ ಪೊಲೀಸರಂತೆ ಬರಿಗೈಯದ್ದಲ್ಲ. ಬಂದೂಕು ಹಿಡಿದು, ಬ್ಯಾರಕ್ಕಿನಲ್ಲಿ ವಾಸಿಸುತ್ತ, ಹುಟ್ಟೂರಿನಿಂದ ದೂರದಲ್ಲಿ ಕೆಲಸ ಮಾಡುವ ಪಡೆ ಅದು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿಗೆ ಅದೇ ಮಾದರಿಯನ್ನು ತಂದ, ಆ ಅನುಭವವೇ 1861ರ ಭಾರತೀಯ ಪೊಲೀಸ್ ಕಾಯಿದೆಗೆ ದಾರಿಮಾಡಿತು. ನಮ್ಮ ಹಳ್ಳಿಯ ಹಿರಿಯರಿಗೆ ಠಾಣೆಯೆಂದರೆ ಇದ್ದ ದಿಗಿಲಿಗೆ ಮೂಲ ಹುಡುಕಿದರೆ ಟಿಪ್ಪರೇರಿಯ ದಾರಿಯೂ ಎದುರಾಗುತ್ತದೆ. ಐರ್ಲೆಂಡ್ ಮಾತ್ರ 1922ರಲ್ಲಿ ಸ್ವತಂತ್ರವಾಗುತ್ತಲೇ, ಒಳಯುದ್ಧ ನಡೆಯುತ್ತಿದ್ದಾಗಲೇ, ತನ್ನ ಹೊಸ ‘ಗಾರ್ಡಾ’ ಪೊಲೀಸರ ಕೈಯಿಂದ ಬಂದೂಕು ತೆಗೆಯಿತು. ಇಂದಿಗೂ ಅವರಲ್ಲಿ ಹೆಚ್ಚಿನವರು ನಿರಾಯುಧರು. ಆ ಧೈರ್ಯವನ್ನು ನಾವು ತೋರಲಿಲ್ಲ.

ಡಬ್ಲಿನ್‌ವಾಸಿ:

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನೇತ್ರಾವತಿಯವರು ಹೇಳಿದ್ದು ನಿಜ, ಸ್ವಾತಂತ್ರ್ಯದ ಮೊದಲ ಸಂಘರ್ಷ ಮುಗಿದ ಮೇಲೆ ಈ ದೇಶ ಬಹುಕಾಲ ಯುರೋಪಿನಲ್ಲೇ ಅತ್ಯಂತ ಶಾಂತವಾದ ಸಮಾಜಗಳಲ್ಲಿ ಒಂದು ಎನಿಸಿಕೊಂಡಿತು. ಸೆರೆಮನೆಗಳು ಮುಚ್ಚಿದವು. ಕೊನೆಯ ಗಲ್ಲು 1954ರ ಏಪ್ರಿಲಿನಲ್ಲಿ, ಅದಕ್ಕೂ ಗಲ್ಲುಗಾರ ಇಂಗ್ಲೆಂಡಿನಿಂದ ಬಂದ. ಹುಟ್ಟು ಜಗಳಗಂಟರು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ ಎಂದು ನಾನೂ ಬಹಳ ದಿನ ನಂಬಿದ್ದೆ.

ಆಮೇಲೆ ಗಾಲ್ವೇ ಕೌಂಟಿಯ ಟೂಮ್ ಊರಿಗೆ ಹೋದೆ. ಸಾಲುಮನೆಗಳ ಬಡಾವಣೆಯ ನಡುವೆ ಒಂದು ಹುಲ್ಲಿನ ತುಂಡು, ಮೂಲೆಯಲ್ಲಿ ಮೇರಿಮಾತೆಯ ಸಣ್ಣ ಗವಿ. 1925ರಿಂದ 1961ರವರೆಗೆ ಸನ್ಯಾಸಿನಿಯರು ಅಲ್ಲಿ ಮದುವೆಯಾಗದ ತಾಯಂದಿರ ಮತ್ತು ಶಿಶುಗಳ ಆಶ್ರಮ ನಡೆಸಿದರು. ಸ್ಥಳೀಯ ಇತಿಹಾಸದ ಆಸಕ್ತಿಯಿಂದ ಕ್ಯಾಥರೀನ್ ಕೋರ್ಲೆಸ್ ಎಂಬ ಮಹಿಳೆ ತಮ್ಮ ಹಣ ಖರ್ಚುಮಾಡಿ ಮರಣಪತ್ರಗಳನ್ನು ತರಿಸಿದರು. 796 ಮಕ್ಕಳ ಹೆಸರು ಸಿಕ್ಕಿತು, ಸಮಾಧಿಯ ದಾಖಲೆ ಇರಲಿಲ್ಲ. ಹಳೆಯ ಕೊಳಚೆ ತೊಟ್ಟಿಯ ಕಟ್ಟಡದ ಕೋಣೆಗಳಲ್ಲಿ ಎಳೆಯ ಮೂಳೆಗಳಿರುವುದು 2017ರಲ್ಲಿ ದೃಢಪಟ್ಟಿತು, ಅಗೆತ ಶುರುವಾದದ್ದು 2025ರಲ್ಲಿ. ಆ ಹುಲ್ಲಿನ ಮೇಲೆ ಯಾರೋ ಮಕ್ಕಳ ಬೂಟುಗಳನ್ನು ಇಟ್ಟು ಹೋಗಿದ್ದರು. ನನ್ನ ಮಗಳಿಗೆ ಆಗ ಎರಡು ವರ್ಷ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

1951ರಲ್ಲಿ ಈ ದೇಶದ ಜನಸಂಖ್ಯೆಯ ಸುಮಾರು ನೂರಕ್ಕೆ ಒಬ್ಬರು ಯಾವುದೋ ಗೋಡೆಯೊಳಗಿದ್ದರು: ಮಾನಸಿಕ ಆಸ್ಪತ್ರೆ, ಬಡ ಮತ್ತು ಅನಾಥ ಮಕ್ಕಳನ್ನು ಇಡುತ್ತಿದ್ದ ಕೈಗಾರಿಕಾ ಶಾಲೆ, ‘ದಾರಿ ತಪ್ಪಿದವರು’ ಎನಿಸಿಕೊಂಡ ಹೆಣ್ಣುಮಕ್ಕಳನ್ನು ಕೂಡಿಹಾಕಿ ದುಡಿಸುತ್ತಿದ್ದ ಮ್ಯಾಗ್ಡಲೀನ್ ಬಟ್ಟೆ ಒಗೆಯುವ ಮನೆ, ತಾಯಿಮಕ್ಕಳ ಆಶ್ರಮ. ಸೆರೆಮನೆಯಲ್ಲಿದ್ದವರು ಅದರಲ್ಲಿ ತೀರ ಸ್ವಲ್ಪ. ಕೈಗಾರಿಕಾ ಶಾಲೆಗಳಲ್ಲಿ ಮಕ್ಕಳಿಗೆ ನಡೆದ ಹೊಡೆತ ಮತ್ತು ಲೈಂಗಿಕ ದೌರ್ಜನ್ಯವನ್ನು ರಯಾನ್ ಆಯೋಗ 2009ರಲ್ಲಿ ಸಂಪುಟಗಟ್ಟಲೆ ದಾಖಲಿಸಿತು. ಕೊನೆಯ ಮ್ಯಾಗ್ಡಲೀನ್ ಮನೆ ಮುಚ್ಚಿದ್ದು 1996ರಲ್ಲಿ. ತಾಯಿಮಕ್ಕಳ ಆಶ್ರಮಗಳ ಆಯೋಗ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ತಾನು ತನಿಖೆ ಮಾಡಿದ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ತೀರಿಕೊಂಡಿದ್ದರು. ಇವುಗಳಲ್ಲಿ ಯಾವುದೂ ಆ ವರ್ಷಗಳ ಅಪರಾಧ ಪಟ್ಟಿಯಲ್ಲಿಲ್ಲ. ಪೊಲೀಸರು ಆಗ ಬರುತ್ತಿದ್ದದ್ದು ಓಡಿಹೋದ ಹುಡುಗಿಯನ್ನು ಹಿಡಿದು ವಾಪಸು ಬಿಡಲು. ದೊಣ್ಣೆ ಹಿಡಿದ ಐರಿಷನನ್ನು ಚಿತ್ರಿಸಿದವರು ಇಂಗ್ಲಿಷರು. ಈ ಗೋಡೆಗಳನ್ನು ಕಟ್ಟಿ ಕಾಪಾಡಿದವರು ಸ್ವತಂತ್ರ ಐರ್ಲೆಂಡಿನ ಸಭ್ಯರು, ಅವರಲ್ಲಿ ಆ ಹುಡುಗಿಯರ ಸ್ವಂತ ಅಪ್ಪಂದಿರೂ ಇದ್ದರು.

ಹಳೆಪುಟ:

ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಉತ್ತರ ಐರ್ಲೆಂಡಿನ ಮಾತನ್ನು ಯಾರೂ ಎತ್ತಿಲ್ಲ, ಅದನ್ನು ಬಿಟ್ಟರೆ ಚರ್ಚೆ ಪೂರ್ತಿಯಾದಂತಾಗುವುದಿಲ್ಲ.

ಕಡತಪ್ರಿಯ:

ಅದಕ್ಕೆ ಬೇರೆಯೇ ಚರ್ಚೆ ಬೇಕು, ಆದರೆ ನಮ್ಮ ಪ್ರಶ್ನೆಗೆ ತಾಗುವಷ್ಟು ಹೇಳುತ್ತೇನೆ. 1969ರಿಂದ 1998ರ ಶಾಂತಿ ಒಪ್ಪಂದದವರೆಗೆ, ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದ, ಹದಿನೈದು ಲಕ್ಷದಷ್ಟು ಜನರಿದ್ದ ಆ ನಾಡಿನ ಕಲಹದಲ್ಲಿ 3,500ಕ್ಕೂ ಹೆಚ್ಚು ಮಂದಿ ಸತ್ತರು. ಅದನ್ನು ಐರ್ಲೆಂಡಿಗೆ ಸೇರಿಸಲು ಆಯುಧ ಹಿಡಿದ ಐಆರ್‌ಎ, ಬ್ರಿಟನ್ನಿಗೆ ನಿಷ್ಠರಾದ ಸಶಸ್ತ್ರ ಪಡೆಗಳು, ಬ್ರಿಟಿಷ್ ಸೈನ್ಯ, ಮೂರೂ ಕಡೆಯವರ ಕೈಗೆ ನಿರಪರಾಧಿಗಳ ರಕ್ತ ಹತ್ತಿದೆ. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್ಬುಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತಾಗ ಹಳೆಯ ವ್ಯಂಗ್ಯಚಿತ್ರ ಮತ್ತೆ ಜೀವ ತಾಳಿತು. ಅದರಲ್ಲಿ ಪಾತ್ರವೇ ಇಲ್ಲದ ಆರು ಐರಿಷರನ್ನು ಹಿಡಿದು, ಬಡಿದು, ತಪ್ಪೊಪ್ಪಿಗೆ ಬರೆಸಿಕೊಂಡು ಜೀವಾವಧಿ ಶಿಕ್ಷೆ ಕೊಟ್ಟರು. 16 ವರ್ಷದ ಮೇಲೆ, 1991ರಲ್ಲಿ ಬಿಡುಗಡೆ. ಬಾಂಬ್ ಇಟ್ಟವರಿಗೆ ಇಂದಿಗೂ ಶಿಕ್ಷೆಯಾಗಿಲ್ಲ.

ಮಲೆನಾಡಿಗ:

ವಕೀಲರಲ್ಲಿ ಒಂದು ಪ್ರಶ್ನೆ ಉಳಿದಿದೆ. ಮೈಲ್ಸ್ ಜಾಯ್ಸ್ ಪ್ರಕರಣ ಅಲ್ಲಿಗೇ ಮುಗಿಯಿತೇ?

ನಿವೃತ್ತ ವಕೀಲ:

ಇಲ್ಲ. 1884ರ ಆಗಸ್ಟಿನಲ್ಲಿ ಮಾಫಿ ಸಾಕ್ಷಿಯಾಗಿದ್ದ ಥಾಮಸ್ ಕೇಸಿ ಟೂರ್‌ಮಕೇಡಿಯ ಚರ್ಚಿನಲ್ಲಿ ಆರ್ಚ್‌ಬಿಷಪ್ಪರ ಎದುರು, ನೆರೆದ ಜನರ ಎದುರು ನಿಂತು, ತಾನು ಸುಳ್ಳು ಸಾಕ್ಷಿ ನುಡಿದೆನೆಂದೂ ಮೈಲ್ಸ್ ನಿರಪರಾಧಿಯೆಂದೂ ಒಪ್ಪಿಕೊಂಡ. ಡಬ್ಲಿನ್ನಿನ ಬ್ರಿಟಿಷ್ ಆಡಳಿತ ಮರುತನಿಖೆಗೆ ಒಪ್ಪಲಿಲ್ಲ. ಪಾರ್ಲಿಮೆಂಟಿನಲ್ಲಿ ಬಂದ ಗೊತ್ತುವಳಿಯೂ ಬಿದ್ದುಹೋಯಿತು. ವಕೀಲರ ಸಲಹೆಯಂತೆ ತಪ್ಪೊಪ್ಪಿಕೊಂಡು ಗಲ್ಲಿನಿಂದ ಪಾರಾಗಿದ್ದ ಐವರಲ್ಲಿ ಇಬ್ಬರು ಸೆರೆಯಲ್ಲೇ ಸತ್ತರು, ಉಳಿದ ಮೂವರು 1902ರಲ್ಲಿ ಮುದುಕರಾಗಿ ಹೊರಬಂದರು. ಗಲ್ಲಾಗಿ 135 ವರ್ಷ ಕಳೆದ ಮೇಲೆ, 2018ರ ಏಪ್ರಿಲಿನಲ್ಲಿ ಅಧ್ಯಕ್ಷ ಮೈಕೆಲ್ ಡಿ. ಹಿಗಿನ್ಸ್ ಮೈಲ್ಸ್ ಜಾಯ್ಸ್‌ಗೆ ಮರಣೋತ್ತರ ಕ್ಷಮಾದಾನದ ಪತ್ರಕ್ಕೆ ಸಹಿ ಹಾಕಿದರು.